ವಿದೇಶದಲ್ಲಿ ನಮ್ಮ ಕಾರ್ಡ್: ರೂಪಾಯಿಯಲ್ಲಿ ಕೊಟ್ಟರೆ ಲಾಭವೇ? ಒಟಿಪಿ ಇಲ್ಲದೆ ಹಣ ಹೋಗುವುದಿಲ್ಲವೇ?

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಅಡಿಕೆ ಬೆಳೆಗಾರ ದಂಪತಿಯನ್ನು ಊಹಿಸಿಕೊಳ್ಳಿ. ಮಗಳು ದುಬೈಯಲ್ಲಿದ್ದಾಳೆ. ಅವಳ ಮನೆಗೆ ಹೋಗಲು ಇಬ್ಬರೂ ಮೊದಲ ಬಾರಿ ವಿಮಾನ ಹತ್ತುತ್ತಿದ್ದಾರೆ. ಪಾಸ್‌ಪೋರ್ಟ್, ಟಿಕೆಟ್, ಬಿಪಿ ಮಾತ್ರೆ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲವೂ ಚೀಲ ಸೇರಿವೆ. ಹಣದ ಮಾತು ಬಂದಾಗ ಯಜಮಾನರ ಉತ್ತರ ಒಂದೇ: "ಎಟಿಎಂ ಕಾರ್ಡ್ ಉಂಟಲ್ಲ. ಸೊರಬದಲ್ಲಿ ನಡೆದದ್ದು, ಶಿವಮೊಗ್ಗದಲ್ಲಿ ನಡೆದದ್ದು ಅಲ್ಲಿ ನಡೆಯೋದಿಲ್ವಾ?"

ನಡೆಯಬಹುದು, ನಡೆಯದೆಯೂ ಇರಬಹುದು. ಊರಿನಲ್ಲಿ ಕಾರ್ಡ್ ಕೈಕೊಟ್ಟರೆ ಬ್ಯಾಂಕ್ ಶಾಖೆಗೆ ಹೋಗಿ ಕೇಳಬಹುದು. ದುಬೈಯ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಆ ಅನುಕೂಲ ಇರುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಭಾರತದಲ್ಲಿ ನಮ್ಮ ಕಾರ್ಡಿಗೆ ಕೆಲವು ಕಾವಲುಗಳಿವೆ. ದೇಶದ ಗಡಿ ದಾಟಿದಾಗ ಅವೆಲ್ಲವೂ ಕಾರ್ಡಿನ ಜೊತೆ ಬರುವುದಿಲ್ಲ. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ತಿಳಿಯದೆ ಇರುವುದರಿಂದಲೇ ಹಲವು ತಪ್ಪು ನಂಬಿಕೆಗಳು ಹುಟ್ಟಿಕೊಂಡಿವೆ. ಅವುಗಳನ್ನು ಒಂದೊಂದಾಗಿ ನೋಡೋಣ.

ಕಾರ್ಡ್ ಉಜ್ಜಿದಾಗ ಏನಾಗುತ್ತದೆ?

ಅಂಗಡಿಯ ಯಂತ್ರಕ್ಕೆ ಕಾರ್ಡ್ ಹಾಕಿದಾಗ ನಾಲ್ಕು ಪಕ್ಷಗಳು ಕೆಲಸ ಮಾಡುತ್ತವೆ. ಅಂಗಡಿ, ಅಂಗಡಿಗೆ ಯಂತ್ರ ಕೊಟ್ಟ ಬ್ಯಾಂಕ್, ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇಯಂಥ ಜಾಲ, ಕೊನೆಯದಾಗಿ ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕ್. ಯಂತ್ರದಿಂದ ಹೊರಟ ವಿನಂತಿ ಜಾಲದ ಮೂಲಕ ನಿಮ್ಮ ಬ್ಯಾಂಕಿಗೆ ಬರುತ್ತದೆ. ಖಾತೆಯಲ್ಲಿ ಹಣವಿದೆಯೇ, ಕಾರ್ಡ್ ಚಾಲೂ ಇದೆಯೇ ಎಂದು ನೋಡಿ ಬ್ಯಾಂಕ್ ಒಪ್ಪಿಗೆ ಕೊಡುತ್ತದೆ ಅಥವಾ ನಿರಾಕರಿಸುತ್ತದೆ. ಇಷ್ಟೂ ನಡೆಯುವುದು ಕೆಲವೇ ಸೆಕೆಂಡುಗಳಲ್ಲಿ.

ವಿದೇಶದಲ್ಲಿ ಇದರ ಜೊತೆಗೆ ಇನ್ನೊಂದು ಕೆಲಸ ಸೇರುತ್ತದೆ: ದಿರ್ಹಮ್, ಡಾಲರ್ ಅಥವಾ ಬಾತ್‌ನಲ್ಲಿರುವ ಮೊತ್ತವನ್ನು ರೂಪಾಯಿಗೆ ಪರಿವರ್ತಿಸುವುದು. ಸಾಮಾನ್ಯವಾಗಿ ಈ ಕೆಲಸವನ್ನು ಜಾಲವು ತಾನು ಪ್ರಕಟಿಸುವ ಆ ದಿನದ ದರದಲ್ಲಿ ಮಾಡುತ್ತದೆ. ಅದರ ಮೇಲೆ ನಿಮ್ಮ ಬ್ಯಾಂಕ್ ತನ್ನ ವಿದೇಶಿ ವಿನಿಮಯ ಶುಲ್ಕ ಸೇರಿಸುತ್ತದೆ. ಭಾರತದ ಅನೇಕ ಕಾರ್ಡ್‌ಗಳಲ್ಲಿ ಇದು ಶೇ 2ರಿಂದ 3.5ರಷ್ಟಿರುತ್ತದೆ. ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಅಂದರೆ ಶುಲ್ಕ ಶೇ 3.5 ಇರುವ ಕಾರ್ಡಿನಲ್ಲಿ 10,000 ರೂಪಾಯಿ ಬೆಲೆಯ ವಸ್ತು ಕೊಂಡರೆ ಶುಲ್ಕ 350 ರೂಪಾಯಿ, ತೆರಿಗೆ 63 ರೂಪಾಯಿ, ಒಟ್ಟು 413 ರೂಪಾಯಿ ಹೆಚ್ಚುವರಿ. ಈ ಶುಲ್ಕವೇ ಇಲ್ಲದ ಕಾರ್ಡ್‌ಗಳೂ ಇವೆ. ನಿಮ್ಮದು ಯಾವುದು ಎಂಬುದು ಬ್ಯಾಂಕಿನ ಶುಲ್ಕಪಟ್ಟಿಯಲ್ಲಿರುತ್ತದೆ.

ಖರೀದಿಯ ದಿನ ಬರುವ ಎಸ್‌ಎಂಎಸ್‌ನಲ್ಲಿ ಒಂದು ಮೊತ್ತ, ಸ್ಟೇಟ್‌ಮೆಂಟ್‌ನಲ್ಲಿ ಇನ್ನೊಂದು ಮೊತ್ತ ಕಂಡರೆ ಗಾಬರಿಯಾಗಬೇಕಿಲ್ಲ. ಲೆಕ್ಕ ಚುಕ್ತಾ ಆಗುವುದು ಒಂದೆರಡು ದಿನ ತಡವಾಗಿ. ಅಷ್ಟರಲ್ಲಿ ದರ ಸ್ವಲ್ಪ ಬದಲಾಗಿರಬಹುದು. ಕೊಂಡ ವಸ್ತು ಹಿಂದಿರುಗಿಸಿದಾಗ ಪೂರ್ತಿ ಹಣ ಬಾರದಿರುವುದಕ್ಕೂ ಇದೇ ಕಾರಣ: ಮರುಪಾವತಿ ಆಗುವುದು ಆ ದಿನದ ದರದಲ್ಲಿ.

ನಂಬಿಕೆ 1: ಇಲ್ಲಿ ನಡೆಯುವ ಕಾರ್ಡ್ ಎಲ್ಲ ಕಡೆಯೂ ನಡೆಯುತ್ತದೆ

ಇದು ತಪ್ಪು. ಭಾರತೀಯ ರಿಸರ್ವ್ ಬ್ಯಾಂಕ್ 2020ರ ಜನವರಿ 15ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಹೊಸ ಕಾರ್ಡ್ ಅಥವಾ ಬದಲಿ ಕಾರ್ಡ್ ಕೈಗೆ ಬಂದಾಗ ಅದು ಭಾರತದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಲ್ಲಿ ಮಾತ್ರ ನಡೆಯಬೇಕು. ವಿದೇಶದ ಬಳಕೆ, ಆನ್‌ಲೈನ್ ಬಳಕೆ, ತಾಗಿಸಿ ಪಾವತಿಸುವ ಸೌಲಭ್ಯ ಇವನ್ನೆಲ್ಲ ಗ್ರಾಹಕರೇ ಚಾಲೂ ಮಾಡಿಕೊಳ್ಳಬೇಕು. ಬ್ಯಾಂಕ್ ಆ್ಯಪ್, ನೆಟ್ ಬ್ಯಾಂಕಿಂಗ್, ಎಟಿಎಂನಂಥ ದಾರಿಗಳಲ್ಲಿ ದಿನದ 24 ಗಂಟೆಯೂ ಇವನ್ನು ಚಾಲೂ ಅಥವಾ ಬಂದ್ ಮಾಡಲು, ಮಿತಿ ಹಾಕಿಕೊಳ್ಳಲು ಅವಕಾಶವಿರಬೇಕು ಎಂದೂ ಅದೇ ಸುತ್ತೋಲೆ ಹೇಳುತ್ತದೆ. ಆದ್ದರಿಂದ ದುಬೈಯಲ್ಲಿ ಕಾರ್ಡ್ ತಿರಸ್ಕೃತವಾದರೆ ಅದು ಕೆಟ್ಟಿದೆ ಎಂದು ಅರ್ಥವಲ್ಲ. ಬಹುಶಃ ಆ ಗುಂಡಿ ಬಂದ್ ಆಗಿಯೇ ಇದೆ.

ಎರಡನೆಯದು, ಕಾರ್ಡ್ ಯಾವ ಜಾಲದ್ದು ಎಂಬ ಪ್ರಶ್ನೆ. ಜನಧನ್ ಖಾತೆಗಳಿಗೆ, ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲಕ್ಕೆ ಕೊಡುವ ಕಾರ್ಡ್‌ಗಳು ಹೆಚ್ಚಾಗಿ ರುಪೇ. 2012ರಲ್ಲಿ ಆರಂಭವಾದ ರುಪೇಯಲ್ಲಿ ದೇಶದೊಳಗೆ ಮಾತ್ರ ನಡೆಯುವ ಮಾದರಿಗಳೂ ಇವೆ, ಅಂತರರಾಷ್ಟ್ರೀಯ ಮಾದರಿಗಳೂ ಇವೆ. ಅಂತರರಾಷ್ಟ್ರೀಯ ಮಾದರಿಗಳು ಡಿಸ್ಕವರ್, ಡೈನರ್ಸ್ ಕ್ಲಬ್, ಜೆಸಿಬಿಯಂಥ ವಿದೇಶಿ ಜಾಲಗಳ ಹೆಗಲ ಮೇಲೆ ಓಡಾಡುತ್ತವೆ. ಕಾರ್ಡಿನ ಮೇಲೆ ಅಂಥ ಗುರುತು ಇದೆಯೇ ಎಂದು ನೋಡಿ. ಇಲ್ಲದಿದ್ದರೆ, ಹೊರಡುವ ಮುನ್ನ ಅಂತರರಾಷ್ಟ್ರೀಯ ಕಾರ್ಡಿಗೆ ಬ್ಯಾಂಕಿನಲ್ಲಿ ಅರ್ಜಿ ಕೊಡಿ. ಅದು ಅಂಚೆಯಲ್ಲಿ ಮನೆ ತಲುಪಲು ದಿನಗಳು ಬೇಕು ಎಂಬುದನ್ನೂ ಲೆಕ್ಕದಲ್ಲಿಡಿ.

ನೇಪಾಳ, ಭೂತಾನ್‌ಗಳ ಕಥೆ ಬೇರೆ. ನಮ್ಮ ಅನೇಕ ಕಾರ್ಡ್‌ಗಳ ಹಿಂಬದಿಯಲ್ಲಿ ಈ ಎರಡು ದೇಶಗಳಲ್ಲಿ ವಿದೇಶಿ ವಿನಿಮಯದ ಪಾವತಿಗೆ ಸಲ್ಲದು ಎಂಬ ಸಾಲು ಸಣ್ಣ ಅಕ್ಷರದಲ್ಲಿರುತ್ತದೆ. ಪಶುಪತಿನಾಥ, ಮುಕ್ತಿನಾಥ ಯಾತ್ರೆಗೆ ಹೊರಟವರು ಇದನ್ನು ಓದಿ, ಅಲ್ಲಿ ಕಾರ್ಡೇ ನಡೆಯುವುದಿಲ್ಲ ಎಂದುಕೊಳ್ಳುವುದುಂಟು. ಅದರ ಅರ್ಥ, ಅಲ್ಲಿ ಡಾಲರಿನಂಥ ಮೂರನೆಯ ದೇಶದ ಕರೆನ್ಸಿಯಲ್ಲಿ ಪಾವತಿ ಮಾಡುವಂತಿಲ್ಲ ಎಂದು. ನೇಪಾಳಿ ರೂಪಾಯಿಯಲ್ಲೋ ಭೂತಾನಿನ ಗುಲ್ಟ್ರಮ್‌ನಲ್ಲೋ ಪಾವತಿಸಲು ಆ ಸಾಲು ಅಡ್ಡ ಬರುವುದಿಲ್ಲ. ಈ ಎರಡೂ ದೇಶಗಳ ಹಣ ಭಾರತದ ರೂಪಾಯಿಗೆ ಕಟ್ಟಿಕೊಂಡಿದೆ: ನಮ್ಮ 1 ರೂಪಾಯಿಗೆ 1.60 ನೇಪಾಳಿ ರೂಪಾಯಿ, 1 ಗುಲ್ಟ್ರಮ್. ರುಪೇ ಕಾರ್ಡ್ ಭೂತಾನಿನಲ್ಲಿ 2019ರಿಂದ, ನೇಪಾಳದಲ್ಲಿ 2022ರಿಂದ ಬಳಕೆಗೆ ಬಂದಿದೆ.

ನಂಬಿಕೆ 2: ರೂಪಾಯಿಯಲ್ಲಿ ಪಾವತಿಸಿದರೆ ಲಾಭ

ಇದು ಜೇಬಿಗೆ ತಟ್ಟುವ ನಂಬಿಕೆ. ಕಾರ್ಡ್ ಸಂಖ್ಯೆಯ ಮೊದಲ ಕೆಲವು ಅಂಕಿಗಳು ಅದು ಯಾವ ದೇಶದ ಯಾವ ಬ್ಯಾಂಕಿನದು ಎಂಬುದನ್ನು ಹೇಳುತ್ತವೆ. ಹೀಗಾಗಿ ಅಲ್ಲಿನ ಯಂತ್ರಕ್ಕೆ ನಿಮ್ಮದು ಭಾರತದ ಕಾರ್ಡ್ ಎಂದು ತಕ್ಷಣ ತಿಳಿಯುತ್ತದೆ. ಆಗ ಪರದೆಯ ಮೇಲೆ ಪ್ರಶ್ನೆ ಬರುತ್ತದೆ: ದಿರ್ಹಮ್‌ನಲ್ಲಿ ಕೊಡುತ್ತೀರೋ, ರೂಪಾಯಿಯಲ್ಲಿ ಕೊಡುತ್ತೀರೋ? ಪರದೇಶದಲ್ಲಿ ಪರಿಚಿತ ರೂಪಾಯಿ ಕಂಡ ಖುಷಿಗೆ ಅನೇಕರು ರೂಪಾಯಿಯನ್ನೇ ಒತ್ತುತ್ತಾರೆ.

ಅಡಿಕೆ ಮಾರುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿದೆ. ಎಷ್ಟು ಕ್ವಿಂಟಾಲ್ ಎಂಬುದರಷ್ಟೇ ಮುಖ್ಯವಾದದ್ದು ಧಾರಣೆಯನ್ನು ಯಾರು ಹೇಳುತ್ತಾರೆ ಎಂಬುದು. ಇಲ್ಲಿಯೂ ಹಾಗೆಯೇ. ನೀವು ದಿರ್ಹಮ್ ಒತ್ತಿದರೆ ಧಾರಣೆ ಹೇಳುವುದು ಕಾರ್ಡ್ ಜಾಲ. ರೂಪಾಯಿ ಒತ್ತಿದರೆ ಧಾರಣೆ ಹೇಳುವುದು ಅಂಗಡಿಯ ಕಡೆಯ ಬ್ಯಾಂಕ್ ಅಥವಾ ಅದರ ಪರವಾಗಿ ಪರಿವರ್ತನೆ ಮಾಡುವ ಕಂಪನಿ. ಅದು ತನ್ನ ಲಾಭವನ್ನು ದರದೊಳಗೇ ಸೇರಿಸಿರುತ್ತದೆ. ಅದರಲ್ಲಿ ಅಂಗಡಿಗೂ ಪಾಲು ಇರುವುದುಂಟು.

ಒಂದು ಲೆಕ್ಕ ನೋಡೋಣ. ಅನುಕೂಲಕ್ಕಾಗಿ 1 ದಿರ್ಹಮ್ ಎಂದರೆ 25 ರೂಪಾಯಿ ಎಂದಿಟ್ಟುಕೊಳ್ಳಿ. ಬಿಲ್ 1,000 ದಿರ್ಹಮ್.

ದಿರ್ಹಮ್ ಒತ್ತಿದರೆ: 25,000 ರೂಪಾಯಿ. ಬ್ಯಾಂಕಿನ ಶುಲ್ಕ ಶೇ 3.5ರಂತೆ 875 ರೂಪಾಯಿ. ಅದರ ಮೇಲೆ ಜಿಎಸ್‌ಟಿ 157.50. ಒಟ್ಟು 26,032.50 ರೂಪಾಯಿ.

ರೂಪಾಯಿ ಒತ್ತಿದರೆ: ಯಂತ್ರ 1 ದಿರ್ಹಮ್‌ಗೆ 26.50 ರೂಪಾಯಿ ದರ ತೋರಿಸಿದೆ ಎನ್ನೋಣ. ಒಟ್ಟು 26,500 ರೂಪಾಯಿ. ಹೀಗೆ ರೂಪಾಯಿಯಲ್ಲಿ ಮಾಡಿದ ವಿದೇಶಿ ಪಾವತಿಗೂ ಪ್ರತ್ಯೇಕ ಶುಲ್ಕ ಹಾಕುವ ಬ್ಯಾಂಕುಗಳಿವೆ. ಹಾಗಿದ್ದರೆ ಅದು ಇನ್ನೂ ಮೇಲೆ.

ನಿಮ್ಮದು ವಿನಿಮಯ ಶುಲ್ಕವಿಲ್ಲದ ಕಾರ್ಡ್ ಆಗಿದ್ದರೆ ಇದೇ ಲೆಕ್ಕದಲ್ಲಿ ನಷ್ಟ 1,500 ರೂಪಾಯಿ. ಆದ್ದರಿಂದ ನಿಯಮ ಸರಳ: ಅಂಗಡಿಯಲ್ಲಾಗಲಿ, ಹೋಟೆಲಿನಲ್ಲಾಗಲಿ, ಎಟಿಎಂನಲ್ಲಾಗಲಿ ಆ ದೇಶದ ಹಣವನ್ನೇ ಆರಿಸಿ. ಕೆಲವೊಮ್ಮೆ ಅಂಗಡಿಯವರೇ ನಿಮ್ಮ ಪರವಾಗಿ ಗುಂಡಿ ಒತ್ತಿಬಿಡುತ್ತಾರೆ. ಪಿನ್ ಹಾಕುವ ಮೊದಲು ಪರದೆಯನ್ನು ಓದಿ. ರೂಪಾಯಿ ಕಂಡರೆ ರದ್ದು ಮಾಡಿ, ದಿರ್ಹಮ್‌ನಲ್ಲಿ ಹಾಕಿ ಎಂದು ಹೇಳಿ. ಆಯ್ಕೆ ಗ್ರಾಹಕರದು ಎಂಬುದು ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳದ್ದೇ ನಿಯಮ.

ನಂಬಿಕೆ 3: ಒಟಿಪಿ ಹೇಳದಿದ್ದರೆ ಹಣ ಹೋಗುವುದಿಲ್ಲ

"ಯಾರಿಗೂ ಒಟಿಪಿ ಹೇಳಬೇಡಿ" ಎಂಬ ಎಚ್ಚರಿಕೆಯನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಒಟಿಪಿ ಹೇಳದಿದ್ದರೆ ಹಣ ಭದ್ರ ಎಂದು ನಂಬಿಬಿಟ್ಟಿದ್ದೇವೆ. ಎಚ್ಚರಿಕೆ ಸರಿ, ಆದರೆ ಈ ತೀರ್ಮಾನ ಸರಿಯಲ್ಲ.

ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ಪರಿಶೀಲನೆ ಬೇಕು ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2009ರಲ್ಲೇ ಜಾರಿಗೆ ತಂದಿತು. ಆದರೆ ಅದು ಭಾರತದ ನಿಯಮ. ವಿದೇಶದ ಜಾಲತಾಣಗಳಿಗೆ ಅದು ಕಡ್ಡಾಯವಾಗಿರಲಿಲ್ಲ. ಅಂಥ ಅನೇಕ ತಾಣಗಳಲ್ಲಿ ಕಾರ್ಡ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಹಿಂಬದಿಯ ಮೂರಂಕಿಯ ಸಿವಿವಿ ಇಷ್ಟು ಇದ್ದರೆ ಪಾವತಿ ಮುಗಿದುಹೋಗುತ್ತದೆ. ಇದನ್ನು ಬಿಗಿ ಮಾಡಲು ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊಸ ನಿರ್ದೇಶನ ಹೊರಡಿಸಿತು. ಅದರ ಪ್ರಕಾರ 2026ರ ಅಕ್ಟೋಬರ್ 1ರೊಳಗೆ, ವಿದೇಶಿ ವ್ಯಾಪಾರಿಯ ಕಡೆಯಿಂದ ಹೆಚ್ಚುವರಿ ಪರಿಶೀಲನೆಯ ಕೋರಿಕೆ ಬಂದರೆ ಅದನ್ನು ನಡೆಸುವ ವ್ಯವಸ್ಥೆ ಭಾರತದ ಬ್ಯಾಂಕುಗಳಲ್ಲಿರಬೇಕು. ಇಲ್ಲಿ "ಕೋರಿಕೆ ಬಂದರೆ" ಎಂಬ ಮಾತನ್ನು ಗಮನಿಸಿ. ಕೋರಿಕೆಯೇ ಬಾರದ ಪಾವತಿಗೆ ಒಟಿಪಿ ಕಾವಲು ಸಿಗುವುದಿಲ್ಲ.

ಅಂಗಡಿಗಳಲ್ಲೂ ಹೀಗೆಯೇ. ಚಿಪ್ ಕಾರ್ಡ್ ಹಾಕಿ ಪಿನ್ ಒತ್ತುವುದು ನಮಗೆ ರೂಢಿಯಾಗಿದೆ. ಅಮೆರಿಕದ ಅನೇಕ ಅಂಗಡಿಗಳಲ್ಲಿ ಕ್ರೆಡಿಟ್ ಕಾರ್ಡಿಗೆ ಪಿನ್ ಕೇಳುವುದೇ ಇಲ್ಲ. ತಾಗಿಸಿ ಪಾವತಿಸುವಾಗ ಪಿನ್ ಇಲ್ಲದ ಮಿತಿ ಭಾರತದಲ್ಲಿ 2021ರ ಜನವರಿಯಿಂದ 5,000 ರೂಪಾಯಿ. ಬೇರೆ ದೇಶಗಳಲ್ಲಿ ಆ ಮಿತಿ ಬೇರೆ. ಅಂದರೆ ಕಳೆದುಹೋದ ಕಾರ್ಡ್ ಸಿಕ್ಕವರಿಗೆ ಪಿನ್ ಗೊತ್ತಿಲ್ಲದಿದ್ದರೂ ಸ್ವಲ್ಪ ಹೊತ್ತು ಬಳಸಲು ಸಾಧ್ಯ.

ಹಾಗಾದರೆ ಕಾವಲು ಯಾವುದು? ಆ್ಯಪ್‌ನಲ್ಲಿರುವ ಅದೇ ಗುಂಡಿ. ವಿದೇಶದ ಬಳಕೆಯನ್ನು ಪ್ರಯಾಣದ ದಿನಗಳಿಗಷ್ಟೇ ಚಾಲೂ ಮಾಡಿ. ಅಂಗಡಿ ಮತ್ತು ಎಟಿಎಂ ಸಾಕೆಂದಾದರೆ ವಿದೇಶದ ಆನ್‌ಲೈನ್ ಬಳಕೆಯನ್ನು ಬಂದ್ ಇಡಿ. ದಿನದ ಮಿತಿಯನ್ನು ಅಗತ್ಯಕ್ಕೆ ತಕ್ಕಷ್ಟೇ ಇಡಿ. ಊರಿಗೆ ಬಂದ ಮೇಲೆ ಎಲ್ಲವನ್ನೂ ಮತ್ತೆ ಬಂದ್ ಮಾಡಿ. ಈ ಕೊನೆಯ ಹೆಜ್ಜೆಯನ್ನು ಮರೆಯುವವರೇ ಹೆಚ್ಚು.

ನಂಬಿಕೆ 4: ಕ್ರೆಡಿಟ್, ಡೆಬಿಟ್ ಯಾವುದಾದರೂ ಒಂದೇ

ಅಂಗಡಿಯವರಿಗೆ ಒಂದೇ, ನಿಮಗೆ ಅಲ್ಲ. ಡೆಬಿಟ್ ಕಾರ್ಡಿನಿಂದ ಹೋಗುವುದು ನಿಮ್ಮ ಖಾತೆಯಲ್ಲಿರುವ ಹಣ. ಕ್ರೆಡಿಟ್ ಕಾರ್ಡಿನಿಂದ ಹೋಗುವುದು ಬ್ಯಾಂಕ್ ಕೊಟ್ಟ ಸಾಲ. ವಂಚನೆಯಾದಾಗ ಈ ವ್ಯತ್ಯಾಸ ಕಾಣುತ್ತದೆ: ಡೆಬಿಟ್ ಆದರೆ ಹಣ ಮೊದಲೇ ಹೋಗಿರುತ್ತದೆ, ವಾಪಸು ಬರಲು ಕಾಯಬೇಕು. ಕ್ರೆಡಿಟ್ ಆದರೆ ಬಿಲ್ ಕಟ್ಟುವ ಮೊದಲೇ ತಕರಾರು ಹೇಳಬಹುದು.

ಹೋಟೆಲ್, ಬಾಡಿಗೆ ಕಾರುಗಳವರು ಠೇವಣಿಯಾಗಿ ಒಂದು ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಖಾತೆಯ ಹಣವೇ ದಿನಗಟ್ಟಲೆ ಸಿಕ್ಕಿಬೀಳುತ್ತದೆ. ಇಂಥ ಕಡೆ ಕ್ರೆಡಿಟ್ ಕಾರ್ಡ್ ಒಳ್ಳೆಯದು.

ನಗದು ತೆಗೆಯುವಾಗ ಮಾತ್ರ ಇದು ತಿರುವುಮುರುವು. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ಹಣ ತೆಗೆದರೆ ನಗದು ಶುಲ್ಕ ಬೀಳುತ್ತದೆ. ಬಡ್ಡಿಯೂ ಆ ದಿನದಿಂದಲೇ ಶುರು, ಖರೀದಿಗೆ ಇರುವ ಬಡ್ಡಿರಹಿತ ದಿನಗಳು ಇದಕ್ಕಿಲ್ಲ. ಡೆಬಿಟ್ ಕಾರ್ಡಿಗೂ ಪ್ರತಿ ಸಲ ನಿಮ್ಮ ಬ್ಯಾಂಕಿನ ಶುಲ್ಕ, ವಿನಿಮಯ ಶುಲ್ಕ, ಕೆಲವೆಡೆ ಅಲ್ಲಿನ ಎಟಿಎಂನ ಶುಲ್ಕ ಬೀಳುತ್ತವೆ. ಥಾಯ್ಲೆಂಡಿನಲ್ಲಿ ವಿದೇಶಿ ಕಾರ್ಡಿಗೆ ಎಟಿಎಂ ಶುಲ್ಕವೇ ಸಲಕ್ಕೆ 220 ಬಾತ್ ಅಥವಾ ಅದಕ್ಕೂ ಹೆಚ್ಚು. ಹೀಗಾಗಿ ಐದು ಸಲ ಚಿಲ್ಲರೆ ಚಿಲ್ಲರೆಯಾಗಿ ತೆಗೆಯುವುದಕ್ಕಿಂತ ಲೆಕ್ಕ ಹಾಕಿ ಒಮ್ಮೆಗೇ ತೆಗೆಯುವುದು ಲೇಸು.

ಮೂರನೆಯ ದಾರಿ ಫಾರೆಕ್ಸ್ ಕಾರ್ಡ್. ಇದಕ್ಕೆ ಮೊದಲೇ ಡಾಲರ್ ಅಥವಾ ದಿರ್ಹಮ್ ತುಂಬಿಸಿಕೊಂಡು ಹೋಗಬಹುದು. ತುಂಬಿಸಿದ ದಿನದ ದರವೇ ಖಾಯಂ. ಕಳೆದುಹೋದರೂ ಅಪಾಯ ಅದರಲ್ಲಿರುವ ಹಣಕ್ಕೆ ಮಾತ್ರ, ಊರಿನ ಉಳಿತಾಯ ಖಾತೆಗೆ ಅಲ್ಲ. ಹೆಚ್ಚಿನ ದೇಶಗಳಿಗೆ ಹೋಗುವಾಗ ವಿದೇಶಿ ನೋಟುಗಳನ್ನು ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದವರೆಗೆ ಮಾತ್ರ ಕೊಳ್ಳಬಹುದು. ಉಳಿದದ್ದಕ್ಕೆ ಇಂಥ ಕಾರ್ಡ್ ಉಪಯೋಗಕ್ಕೆ ಬರುತ್ತದೆ.

ತೆರಿಗೆಯ ಲೆಕ್ಕದಲ್ಲೂ ವ್ಯತ್ಯಾಸವಿದೆ. ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ವಿದೇಶಕ್ಕೆ ಕಳಿಸಬಹುದಾದ ಯೋಜನೆಯಡಿ ಡೆಬಿಟ್ ಮತ್ತು ಫಾರೆಕ್ಸ್ ಕಾರ್ಡಿನ ಖರ್ಚು ಲೆಕ್ಕಕ್ಕೆ ಬರುತ್ತದೆ. ಪ್ರವಾಸದ ಖರ್ಚು ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಮೊತ್ತದ ಮೇಲೆ ಶೇ 20ರಷ್ಟು ತೆರಿಗೆಯನ್ನು ಮುಂಚಿತವಾಗಿ ಸಂಗ್ರಹಿಸಲಾಗುತ್ತದೆ. 2025ರ ಏಪ್ರಿಲ್‌ವರೆಗೆ ಈ ಗಡಿ 7 ಲಕ್ಷ ಇತ್ತು. ರಿಟರ್ನ್ಸ್ ಸಲ್ಲಿಸುವಾಗ ಇದನ್ನು ಹೊಂದಿಸಿಕೊಳ್ಳಬಹುದು. ವಿದೇಶದಲ್ಲಿದ್ದಾಗ ಕ್ರೆಡಿಟ್ ಕಾರ್ಡಿನಲ್ಲಿ ಮಾಡುವ ಖರ್ಚನ್ನೂ ಇದರೊಳಗೆ ತರಲು 2023ರ ಮೇನಲ್ಲಿ ಹೊರಟಿದ್ದ ಕೇಂದ್ರ ಸರ್ಕಾರ, ಜೂನ್ 28ರಂದು ಅದನ್ನು ಮುಂದೂಡಿತು.

ನಂಬಿಕೆ 5: ಪಿನ್ ತಿರುಗಿಸಿ ಒತ್ತಿದರೆ ಪೊಲೀಸರಿಗೆ ಸುದ್ದಿ ಹೋಗುತ್ತದೆ

ಕಳ್ಳರು ಎಟಿಎಂ ಮುಂದೆ ಹೆದರಿಸಿದರೆ 1234 ಎಂಬ ಪಿನ್ ಅನ್ನು 4321 ಎಂದು ಒತ್ತಿ, ಹಣವೂ ಬರುತ್ತದೆ, ಪೊಲೀಸರೂ ಬರುತ್ತಾರೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಇಂದಿಗೂ ಸುತ್ತುತ್ತಿದೆ. ಇದು ಸುಳ್ಳು. ಇಂಥ ಯೋಚನೆಗೆ ಅಮೆರಿಕದಲ್ಲಿ 1998ರಲ್ಲಿ ಪೇಟೆಂಟ್ ಸಿಕ್ಕಿತ್ತು ನಿಜ, ಆದರೆ ಬ್ಯಾಂಕುಗಳು ಅದನ್ನು ಅಳವಡಿಸಲಿಲ್ಲ. ಸುಮ್ಮನೆ ಯೋಚಿಸಿದರೂ ತೊಡಕು ಕಾಣುತ್ತದೆ: ಪಿನ್ 2552 ಆಗಿದ್ದರೆ ತಿರುಗಿಸಿದರೂ ಅದೇ. ನಾಲ್ಕಂಕಿಯ 10,000 ಪಿನ್‌ಗಳಲ್ಲಿ ಇಂಥವು 100 ಇವೆ. ತಿರುಗಿಸಿದ ಪಿನ್ ಎಂದರೆ ಯಂತ್ರಕ್ಕೆ ತಪ್ಪು ಪಿನ್ ಅಷ್ಟೇ. ಹಲವು ಸಲ ತಪ್ಪಾದರೆ ಕಾರ್ಡ್ ಲಾಕ್ ಆಗುತ್ತದೆ. ಪರದೇಶದಲ್ಲಿ ಅದು ಎರಡನೆಯ ಸಂಕಟ.

ಹಣ ಹೋದರೆ ಮೊದಲು ಏನು ಮಾಡಬೇಕು?

ಇಲ್ಲಿ ನಿಮಿಷಗಳಿಗೂ ಬೆಲೆ ಇದೆ. ಮೊದಲು ಆ್ಯಪ್‌ನಲ್ಲಿ ಕಾರ್ಡ್ ಬಂದ್ ಮಾಡಿ. ನಂತರ ಬ್ಯಾಂಕಿಗೆ ದೂರು ಕೊಟ್ಟು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 1800ರಿಂದ ಶುರುವಾಗುವ ಉಚಿತ ಸಂಖ್ಯೆಗಳು ವಿದೇಶದಿಂದ ಹೆಚ್ಚಾಗಿ ಸಿಗುವುದಿಲ್ಲ. +91ರಿಂದ ಶುರುವಾಗುವ ಸಂಖ್ಯೆಯನ್ನು ಮೊದಲೇ ಬರೆದುಕೊಂಡಿರಬೇಕು.

ತಡ ಮಾಡಿದಷ್ಟೂ ನಷ್ಟ ನಿಮ್ಮ ಪಾಲಿಗೆ ಬರುತ್ತದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಇದರ ಲೆಕ್ಕ ಹೇಳಿತು. ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಬೇರೆಲ್ಲೋ ಆಗಿದ್ದು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. 4ರಿಂದ 7 ದಿನಗಳೊಳಗೆ ತಿಳಿಸಿದರೆ ಹೊಣೆಗೆ ಮಿತಿ ಇದೆ: ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ. ಅದಕ್ಕಿಂತ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ. ಪಿನ್ ಅಥವಾ ಒಟಿಪಿ ನೀವೇ ಹೇಳಿದ್ದರೆ, ದೂರು ಕೊಡುವವರೆಗಿನ ನಷ್ಟ ಪೂರ್ತಿ ನಿಮ್ಮದು. ದೂರು ಬಂದ 10 ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನಗಳೊಳಗೆ ದೂರು ಇತ್ಯರ್ಥ ಮಾಡಬೇಕು. 30 ದಿನಗಳಾದರೂ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಈ ದಿನಗಳ ಎಣಿಕೆ ಬ್ಯಾಂಕಿನ ಸಂದೇಶ ಬಂದ ಮೇಲೆ ಶುರುವಾಗುತ್ತದೆ. ಆ ಸಂದೇಶ ಬರುವುದು ಊರಿನ ಸಿಮ್‌ಗೆ. ಅದನ್ನು ತೆಗೆದು ಪರ್ಸಿನಲ್ಲಿಟ್ಟು ಅಲ್ಲಿನ ಸಿಮ್ ಹಾಕಿಕೊಂಡರೆ, ಹಣ ಹೋದದ್ದು ನಿಮಗೆ ತಿಳಿಯುವುದೇ ಇಲ್ಲ.

ಹೊರಡುವ ಮುನ್ನ, ಮನೆಯಲ್ಲೇ

1. ಕಾರ್ಡ್ ಅಂತರರಾಷ್ಟ್ರೀಯ ಬಳಕೆಯದೇ, ಅದರ ಅವಧಿ ಪ್ರವಾಸದ ನಡುವೆ ಮುಗಿಯುತ್ತದೆಯೇ ನೋಡಿ.
2. ವಿದೇಶದ ಬಳಕೆ ಚಾಲೂ ಮಾಡಿ, ಮಿತಿ ಹಾಕಿ. ಆ್ಯಪ್ ಬಾರದವರು ಬ್ಯಾಂಕ್ ಶಾಖೆಯಲ್ಲಿ ಕೇಳಿ ಮಾಡಿಸಿಕೊಳ್ಳಿ.
3. ಊರಿನ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಮಾಡಿಸಿ, ಫೋನಿನಲ್ಲೇ ಇಟ್ಟುಕೊಳ್ಳಿ.
4. ಎರಡು ಕಾರ್ಡ್ ಒಯ್ಯಿರಿ. ಎರಡನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ. ಗಂಡನ ಬಳಿ ಒಂದು, ಹೆಂಡತಿಯ ಬಳಿ ಒಂದು ಇರಲಿ.
5. ಪಿನ್ ಅನ್ನು ಕಾರ್ಡಿನ ಕವರಿನ ಮೇಲೆ ಬರೆಯಬೇಡಿ. ಬ್ಯಾಂಕಿನ +91 ಸಂಖ್ಯೆಯನ್ನು ಮಾತ್ರ ಕಾಗದದಲ್ಲಿ ಬರೆದು ಬೇರೆ ಕಡೆ ಇಡಿ.
6. ಇಳಿದ ತಕ್ಷಣದ ಖರ್ಚಿಗೆ ಆ ದೇಶದ ಸ್ವಲ್ಪ ನಗದು ಕೈಯಲ್ಲಿರಲಿ.

ಶುಲ್ಕ, ಮಿತಿ, ತೆರಿಗೆಯ ಅಂಕಿಗಳು ಕಾಲಕಾಲಕ್ಕೆ ಬದಲಾಗುತ್ತವೆ. ಹೊರಡುವ ವಾರದಲ್ಲಿ ನಿಮ್ಮ ಬ್ಯಾಂಕಿನ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿ.

ಮತ್ತೆ ಚಂದ್ರಗುತ್ತಿಯ ದಂಪತಿಯ ವಿಷಯಕ್ಕೆ ಬಂದರೆ, ಯಜಮಾನರ ಪ್ರಶ್ನೆಗೆ ಉತ್ತರ ಇಷ್ಟೇ: ಅವರ ಕಾರ್ಡ್ ಅಲ್ಲಿ ನಡೆಯುತ್ತದೋ ಇಲ್ಲವೋ ಎಂಬುದನ್ನು ದುಬೈಯಲ್ಲಿ ಅಲ್ಲ, ಸೊರಬದಲ್ಲೇ ತಿಳಿಯಬಹುದು. ಬ್ಯಾಂಕ್ ಶಾಖೆಯಲ್ಲಿ ಅರ್ಧ ಗಂಟೆ ಕೂತು ಕೇಳಿ ಬಂದರೆ, ಮಗಳ ಮನೆಯಲ್ಲಿ ಹಣದ ಚಿಂತೆ ಬಿಟ್ಟು ಮೊಮ್ಮಕ್ಕಳ ಜೊತೆ ಇರಬಹುದು.